ಹಾವಿನ ಹೌಸಿಗೆ ಡೊನೇಷನ್ ಎಷ್ಟು?

ರತ್ನಾಚಲ್ ಎಕ್ಸ್‌ಪ್ರೆಸ್ಸು ಅನಕಾಪಲ್ಲಿ ಬಿಟ್ಟಿದ್ದೇ ತಡ, ಅಣ್ಣನ ಮಗಳು ಬಾಂಬು ಹಾಕಿದಳು. "ಚಿಕ್ಕಪ್ಪಾ, ನಾನು ಸ್ಲಿದರಿನ್ ಅಂತೆ."

ಗುಟ್ಟಾಗಿ ರಿಜಿಸ್ಟರ್ ಮದುವೆಯಾದವರು ಮನೆಯವರಿಗೆ ತಿಳಿಸುವ ದನಿ ಅದು. ವಿಶಾಖಪಟ್ಟಣದಲ್ಲೇ ಹುಟ್ಟಿ, ಆರ್‌ಕೆ ಬೀಚಿನ ಮುರಿ ಮಿಕ್ಸ್ಚರ್ ತಿಂದು ಬೆಳೆದ, ಅಪ್ಪನ ಜೊತೆ ಕನ್ನಡದಲ್ಲೂ ಆಟೋದವನ ಜೊತೆ ತೆಲುಗಿನಲ್ಲೂ ಜಗಳವಾಡಬಲ್ಲ ಹುಡುಗಿ. ಒಂಬತ್ತನೇ ಕ್ಲಾಸು. ಮೊಬೈಲಿನಲ್ಲಿ ಏನೇನೋ ಪ್ರಶ್ನೆಗೆ ಉತ್ತರ ಕೊಟ್ಟಳಂತೆ, ಹಾವಿನ ಹೌಸು ಬಂತಂತೆ. ಗೆಳತಿಯರಿಗೆಲ್ಲ ಸಿಂಹದ ಹೌಸು. ಎರಡು ದಿನದಿಂದ ಯಾರೂ ಇವಳ ಪಕ್ಕ ಕೂತು ಊಟದ ಡಬ್ಬಿ ಬಿಚ್ಚಿಲ್ಲ. "ನಾನು ಕೆಟ್ಟವಳಾ?" ಎಂದು ಕೇಳಿದಳು.

ಹ್ಯಾರಿ ಪಾಟರ್ ಓದದೆಯೂ ಮರ್ಯಾದೆಯಿಂದ ಬದುಕಿರುವವರಿಗಾಗಿ ಎರಡು ಮಾತು. ಹಾಗ್ವರ್ಟ್ಸ್ ಎಂಬ ಮಾಟದ ಶಾಲೆಗೆ ಹನ್ನೊಂದು ವರ್ಷಕ್ಕೆ ಸೇರಿಸುತ್ತಾರೆ. ಮೊದಲ ದಿನವೇ ಮಗುವಿನ ತಲೆಗೆ ಒಂದು ಹಳೇ ಟೋಪಿ ಹಾಕುತ್ತಾರೆ. ಧೈರ್ಯವಂತರಿಗೆ ಸಿಂಹದ ಗುರುತಿನ ಗ್ರಿಫಿಂಡೋರ್, ಬುದ್ಧಿವಂತರಿಗೆ ರೇವನ್‌ಕ್ಲಾ, ಒಳ್ಳೆಯವರಿಗೆ ಹಫಲ್‌ಪಫ್, ಆಸೆಬುರುಕ ಚಾಲಾಕಿಗಳಿಗೆ ಹಾವಿನ ಗುರುತಿನ ಸ್ಲಿದರಿನ್ ಎಂದು ಟೋಪಿ ಕೂಗಿ ಹೇಳುತ್ತದೆ. ಏಳು ವರ್ಷ ಅದೇ ಹೌಸು. ಅಪೀಲಿಗೆ ಅವಕಾಶವಿಲ್ಲ.

ನಾನು ವಕೀಲನಲ್ಲ, ಆದರೆ ಸಮಾಲ್‌ಕೋಟ ಬರುವಷ್ಟರಲ್ಲಿ ಕಕ್ಷಿದಾರಳ ಪರ ಫೈಲು ತಯಾರಾಗಿತ್ತು. ಕೆಟ್ಟುಹೋದ ಮಾಂತ್ರಿಕರೆಲ್ಲ ಹಾವಿನ ಹೌಸಿನವರೇ ಎಂದು ಹ್ಯಾರಿಯ ಕಿವಿಗೆ ಮೊದಲು ಊದಿದವನು ಶಾಲೆಯ ಕಾವಲುಗಾರ ಹ್ಯಾಗ್ರಿಡ್, ಅದೂ ಯೂನಿಫಾರಂ ಕೊಳ್ಳಲು ಹೋದ ದಿನ. ಸ್ನೇಹಿತನನ್ನೇ ಶತ್ರುವಿಗೆ ಹಿಡಿದುಕೊಟ್ಟವನು ಸಿಂಹದ ಹೌಸಿನ ಪೀಟರ್ ಪೆಟಿಗ್ರ್ಯೂ ಅನ್ನುವುದು ಮೂರನೇ ಪುಸ್ತಕದಲ್ಲಿ ಹೊರಬಿತ್ತು. ಸಿಂಹದ ಹೌಸಿಗೆ ಕೆಟ್ಟ ಹೆಸರು ಬಂತೇ? ಇಲ್ಲ. ನಮ್ಮವನು ಕದ್ದರೆ ಕೈತಪ್ಪು, ಅವರವನು ಕದ್ದರೆ ಕುಲದ ಗುಣ.

ಇನ್ನು 1997ರ ಮೊದಲ ಪುಸ್ತಕದ ಕೊನೆಗೆ ಬರುವ ಶಾಲೆಯ ವಾರ್ಷಿಕೋತ್ಸವ. ಸತತ ಆರು ವರ್ಷ ಹೌಸ್ ಕಪ್ ಗೆದ್ದ ಹಾವಿನ ಹೌಸಿಗೆ 472 ಅಂಕ, ಸಿಂಹದವರಿಗೆ 312. ಊಟದ ಹಾಲಿಗೆಲ್ಲ ಹಸಿರು ಬೆಳ್ಳಿ ತೋರಣ. ಆಗ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಎದ್ದು ನಿಂತು ಒಬ್ಬನಿಗೆ 50, ಒಬ್ಬಳಿಗೆ 50, ಹ್ಯಾರಿಗೆ 60, ಕೊನೆಗೆ ಇನ್ನೊಬ್ಬನಿಗೆ 10 ಹಂಚುತ್ತಾರೆ. ಕೂಡಿ ನೋಡಿ: 482. ಚಪ್ಪಾಳೆ ತಟ್ಟಿ ತೋರಣದ ಬಣ್ಣವನ್ನೂ ಬದಲಿಸುತ್ತಾರೆ. ಈ ಮಹನೀಯರು ಓದಿದ್ದು ಯಾವ ಹೌಸಿನಲ್ಲಿ ಎಂದು ಕೇಳಬೇಡಿ, ಉತ್ತರ ನಿಮಗೇ ಗೊತ್ತು. ಇದೇ ಕೆಲಸವನ್ನು ವೈಜಾಗಿನ ಯಾವುದಾದರೂ ಶಾಲೆಯ ಸ್ಪೋರ್ಟ್ಸ್ ಡೇನಲ್ಲಿ ಮಾಡಿದ್ದರೆ ಸೋಮವಾರ ಬೆಳಿಗ್ಗೆ ಹನ್ನೆರಡು ಮಾಹಿತಿ ಹಕ್ಕು ಅರ್ಜಿ ಬಿದ್ದಿರುತ್ತಿದ್ದವು.

ಹೌಸುಗಳು ನಮ್ಮಲ್ಲೂ ಇವೆ. ನವೋದಯ ಶಾಲೆಗಳಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಹಸಿರು ಬಣ್ಣ ಅಲ್ಲಿ ನೀಲಗಿರಿಯದು. ನೀಲಗಿರಿಯ ಹುಡುಗ ಕಬಡ್ಡಿಯಲ್ಲಿ ಕಾಲೆಳೆದರೆ ಬೆಟ್ಟದ ಗುಣವೇ ಹಾಗೆ ಎಂದು ಯಾರೂ ಅನ್ನುವುದಿಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಶಿವಾಜಿ, ಟಾಗೋರ್, ಅಶೋಕ, ರಾಮನ್. ಹಗ್ಗಜಗ್ಗಾಟದಲ್ಲಿ ಟಾಗೋರ್ ಹೌಸು ಮಣ್ಣುಮುಕ್ಕಿದ ಸಿಟ್ಟು ಈವರೆಗೆ ಗೀತಾಂಜಲಿಯ ಮೇಲೆ ತಿರುಗಿಲ್ಲ. ಕಾರಣ ಸರಳ. ಇಲ್ಲಿ ಹುಡುಗರನ್ನು ಹಂಚುವುದು ಹಾಜರಿ ಪುಸ್ತಕ ಹಿಡಿದ ಪಿ.ಟಿ. ಮೇಷ್ಟ್ರು. ಅವರಿಗೆ ಅಂತರಂಗ ಓದುವ ಚಟವಿಲ್ಲ.

ಹಾವಿನ ಹೌಸಿನ ಮೇಲೆ ನಿಲ್ಲುವ ಆರೋಪ ಒಂದೇ, ಶುದ್ಧ ರಕ್ತದ್ದು. ಮಾಂತ್ರಿಕ ಮನೆತನದ ಮಕ್ಕಳು ಮಾತ್ರ ಸಾಕು ಎಂದವನು ಸ್ಥಾಪಕ ಸಾಲಜಾರನೇ. ಎರಡನೇ ಪುಸ್ತಕದಲ್ಲಿ ಆ ಹೌಸಿನ ನೆಲಮಾಳಿಗೆಯ ಬಾಗಿಲು ತೆರೆಯುವ ಗುಟ್ಟಿನ ಮಾತೂ 'ಶುದ್ಧ ರಕ್ತ'ವೇ. ಇದಕ್ಕೆ ನನ್ನ ಫೈಲಿನಲ್ಲಿ ಉತ್ತರವಿರಲಿಲ್ಲ. ಎಂಥಾ ಹೇಸಿಗೆ ಎಂದು ನಾನು ಮುಖ ಸಿಂಡರಿಸುತ್ತಿದ್ದಾಗ, ತುನಿಯಲ್ಲಿ ಹತ್ತಿ ಎದುರು ಕೂತಿದ್ದ ಯಜಮಾನರು ಬಹಳ ವಿನಯದಿಂದ ಕೇಳಿದರು. "ಸಾರ್, ಮೀರೇಮಿಟ್ಲು?"

ಕೇಳಿದ್ದು ಜಾತಿ. ವಾಕ್ಯದಲ್ಲಿ ಮಾತ್ರ ಜಾತಿ ಎಂಬ ಪದವೇ ಇಲ್ಲ, ಅಷ್ಟು ನಾಜೂಕು. ನಗಬೇಡಿ, ನಮ್ಮ ಕಡೆ ಇದನ್ನೇ "ನಿಮ್ಮ ಮನೆದೇವರು ಯಾವುದು" ಎಂದು ಕೇಳುತ್ತೇವೆ. ಹಾಗ್ವರ್ಟ್ಸಿನ ಟೋಪಿಗೆ ತಲೆಯಾದರೂ ಬೇಕು, ನಮ್ಮ ಟೋಪಿಗೆ ಎರಡು ಸ್ಟೇಷನ್ ನಡುವಿನ ಹಾದಿ ಸಾಕು. ನಾವು ಇಳಿಯಲಿದ್ದ ವಿಜಯವಾಡದಲ್ಲಿ ಒಂದು ಕಾಲಕ್ಕೆ ಕಾಲೇಜು ಹುಡುಗರಿಗೆ ಎರಡು ಸಂಘಗಳಿದ್ದವು. ಅವುಗಳ ಹಗೆ ಕ್ಯಾಂಪಸ್ ದಾಟಿ ಬೀದಿಗೆ, ಬೀದಿಯಿಂದ ರಾಜಕೀಯಕ್ಕೆ, ಕಡೆಗೆ ಜಾತಿಗೆ ಅಂಟಿಕೊಂಡಿತು. 1988ರ ಡಿಸೆಂಬರ್ 26ರಂದು, ಉಪವಾಸ ಕೂತಿದ್ದ ಶಾಸಕ ವಂಗವೀಟಿ ಮೋಹನ ರಂಗಾ ಅವರನ್ನು ಕೊಂದರು. ಊರು ಹೊತ್ತಿ ಉರಿದು ಕರ್ಫ್ಯೂ ಬಿತ್ತು. ಯಾರು ಸಿಂಹ, ಯಾರು ಹಾವು ಎಂದು ಇವತ್ತು ಅಲ್ಲಿ ಕೇಳಿ ನೋಡಿ. ಒಂದೊಂದು ಬೀದಿಯ ಉತ್ತರ ಒಂದೊಂದು.

ಯಜಮಾನರಿಗೆ ನಮ್ಮ ಚರ್ಚೆಯಲ್ಲಿ ಆಸಕ್ತಿ ಹುಟ್ಟಿತು. ಹುಡುಗಿ ತೆಲುಗಿನಲ್ಲಿ ವಿವರಿಸಿದಳು: ಈ ಹೌಸಿನವರಿಗೆ ಮಹತ್ವಾಕಾಂಕ್ಷೆ ಜಾಸ್ತಿ, ಹೇಗಾದರೂ ಮಾಡಿ ಗೆಲ್ಲುತ್ತಾರೆ. ಇದರ ಮುಖ್ಯಸ್ಥರಾಗಿದ್ದ ಸ್ಲಗ್‌ಹಾರ್ನ್ ಮೇಷ್ಟ್ರಂತೂ ಮುಂದೆ ದೊಡ್ಡವರಾಗುವ ಹುಡುಗರನ್ನಷ್ಟೇ ಆರಿಸಿ ಊಟಕ್ಕೆ ಕರೆಯುತ್ತಾರೆ, ಗೆದ್ದವರ ಫೋಟೋಗಳನ್ನು ಕಪಾಟಿನ ಮೇಲೆ ಸಾಲಾಗಿ ಇಡುತ್ತಾರೆ.

ಯಜಮಾನರ ಕಣ್ಣು ಅರಳಿತು. "ಬ್ರಾಂಚ್ ಎಲ್ಲೆಲ್ಲಿದೆ? ಡೊನೇಷನ್ ಎಷ್ಟು?"

ಅವರ ತಪ್ಪಿಲ್ಲ. ಅವಳು ಹೇಳಿದ್ದು ವಿಜಯವಾಡದ ರೆಸಿಡೆನ್ಷಿಯಲ್ ಕಾಲೇಜುಗಳ ಪ್ರಾಸ್ಪೆಕ್ಟಸ್ಸನ್ನೇ. ಸ್ಲಗ್‌ಹಾರ್ನರ ಕಪಾಟು ಇಲ್ಲಿ ಆಳೆತ್ತರದ ಹೋರ್ಡಿಂಗು. ಒಂದು, ಒಂದು, ಒಂದು, ಎರಡು, ಎರಡು, ಮೂರು ಎಂದು ರ್‍ಯಾಂಕುಗಳನ್ನು ಮಂತ್ರದಂತೆ ಜಪಿಸುವ ಟಿವಿ ಜಾಹೀರಾತು ಕೇಳಿದ್ದರೆ ಯಾವ ಮಾಂತ್ರಿಕನಾದರೂ ಕೋಲು ಕೆಳಗಿಟ್ಟಾನು. ಇಲ್ಲಿಯ ಟೋಪಿಯೂ ಚುರುಕು. ಭಾನುವಾರ ಪರೀಕ್ಷೆ, ಆಮೇಲೆ ಪಟ್ಟಿ. ಮಾರ್ಕ್ಸ್ ಇಳಿದರೆ ಸೆಕ್ಷನ್ನೂ ಇಳಿಯಿತು, ಜೊತೆಗೆ ಮೇಷ್ಟ್ರೂ ಬದಲಾದರು. ಹ್ಯಾರಿ 'ಹಾವಿನ ಹೌಸು ಬೇಡ' ಎಂದು ಗೊಣಗಿದಾಗ ಆ ಟೋಪಿ ಕೇಳಿಸಿಕೊಂಡಿತ್ತು, ಪಾಪ. ಇನ್ನು ನಿಜವಾದ ಖಳರ ಹೌಸು ಬೇಕಿದ್ದರೆ ಆಂಧ್ರದ ಮದುವೆಮನೆಯಲ್ಲಿ ಮಗ ಇಂಜಿನಿಯರಿಂಗಿನ ಎಂಪಿಸಿಯೂ ಅಲ್ಲ, ಡಾಕ್ಟರಿಕೆಯ ಬೈಪಿಸಿಯೂ ಅಲ್ಲ, ಎಚ್‌ಇಸಿ ತಗೊಂಡ ಎಂದು ಹೇಳಿ. ಇತಿಹಾಸ, ಅರ್ಥಶಾಸ್ತ್ರ, ಪೌರನೀತಿ! ಜನ ಭುಜ ತಟ್ಟಿ ಸಮಾಧಾನ ಹೇಳುತ್ತಾರೆ. ನಮ್ಮ ಮಂಗಳೂರು, ಮೂಡುಬಿದಿರೆ ಕಡೆ ಆರ್ಟ್ಸ್ ಎಂದರೂ ಅಷ್ಟೇ ಮರುಕ ಉಚಿತ.

ಏಲೂರು ಬಂತು. ಇಲ್ಲಿಂದ ಕೂಗಳತೆಯಲ್ಲೇ ಪೆದವೇಗಿ, ಹಳೆಯ ವೆಂಗಿ. ನಮ್ಮ ಪಂಪನ ಹಿರೀಕರು ವೆಂಗಿ ನಾಡಿನವರು. ಅನ್ನ ಕೊಟ್ಟ ದೊರೆಯನ್ನೇ ಅರ್ಜುನನನ್ನಾಗಿ ಮಾಡಿ 941ರಲ್ಲಿ ಭಾರತ ಬರೆದ ಆ ಪುಣ್ಯಾತ್ಮ, ಎದುರು ಪಾಳೆಯದ ದುರ್ಯೋಧನನ ಛಲವನ್ನೂ ಕರ್ಣನ ಸತ್ಯವನ್ನೂ ನೆನೆಯಲು ಮರೆಯಲಿಲ್ಲ. ಪಕ್ಕದ ಕೃಷ್ಣಾ ಜಿಲ್ಲೆಯ ಎನ್.ಟಿ. ರಾಮರಾವ್ 1977ರ 'ದಾನವೀರಶೂರ ಕರ್ಣ'ದಲ್ಲಿ ತಾವೇ ಕೃಷ್ಣ, ತಾವೇ ಕರ್ಣ, ತಾವೇ ದುರ್ಯೋಧನ. ಸಾಲದೆಂದು ದುರ್ಯೋಧನನಿಗೊಂದು ಡ್ಯುಯೆಟ್ಟು! ಹ್ಯಾರಿ ಪಾಟರ್ ಬರೆದ ರೌಲಿಂಗಮ್ಮನವರ ಏಳನೇ ಪುಸ್ತಕದಲ್ಲೋ, ಯುದ್ಧದ ರಾತ್ರಿ ಒಬ್ಬ ಹುಡುಗಿ ಹ್ಯಾರಿಯನ್ನು ಹಿಡಿಯಿರಿ ಎಂದು ಕೂಗಿದ್ದಕ್ಕೆ ಹಾವಿನ ಮೇಜಿಗೆ ಮೇಜೇ ಹೊರಗೆ. ಅದೇ ಹೌಸಿನ ಸ್ಲಗ್‌ಹಾರ್ನ್ ಪಚ್ಚೆ ಪೈಜಾಮದಲ್ಲೇ ಬಂದು ಮಹಾಖಳ ವೋಲ್ಡೆಮಾರ್ಟ್ ಎದುರು ನಿಂತದ್ದನ್ನು ಸಿಂಹದವರು ಎಷ್ಟು ಜನ ನೆನಪಿಟ್ಟರೋ. ಡ್ಯುಯೆಟ್ ಬೇಡ, ಆ ಮೇಜಿನಲ್ಲಿ ಕೂತಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಬಹುದಿತ್ತು.

"ಹಾಗಾದ್ರೆ ನಾನು ಕೆಟ್ಟವಳಲ್ಲ ಅಂತಾಯ್ತು," ಅಂದಳು ಹುಡುಗಿ. ನನ್ನ ಫೀಸು ಎಂದು ಒಂದು ಕಡಲೆ ಮಿಠಾಯಿ ಕೊಟ್ಟಳು.

ವಿಜಯವಾಡ ಹತ್ತಿರವಾಗುತ್ತಿತ್ತು. ಯಜಮಾನರು ಸೀಟಿನಡಿಯಿಂದ ಹೊಚ್ಚಹೊಸ ಟ್ರಂಕು ಎಳೆದರು. ಮುಚ್ಚಳದ ಮೇಲೆ ಬಿಳೀ ಪೇಂಟಿನಲ್ಲಿ ಹೆಸರು, ಆರನೇ ಕ್ಲಾಸು, ಐಐಟಿ ಫೌಂಡೇಷನ್, ರೂಮ್ ನಂಬರು. ತುನಿಯಿಂದ ಕಿಟಕಿಗೆ ಹಣೆ ಆನಿಸಿ ಕೂತಿದ್ದ ಅವರ ಮಗನಿಗೆ ಹನ್ನೊಂದು ವರ್ಷವಿರಬೇಕು. ಮೊದಲ ಸಲ ಬಾಯಿ ಬಿಟ್ಟ. ಕೇಳಿದ್ದು ನನ್ನನ್ನಲ್ಲ, ಅವಳನ್ನು.

"ಅಕ್ಕಾ, ಆ ಹೌಸಿನಲ್ಲಿ ಭಾನುವಾರ ರಜಾ ಕೊಡ್ತಾರಾ?"