ರೇಡಾರ್ ಅಂಕಲ್

ನಮ್ಮ ಬೀದಿಗೆ ಬರುವ ಹೊಸಬರಿಗೆ ವಿಳಾಸ ಹುಡುಕುವ ಕಷ್ಟವಿಲ್ಲ. ತಿರುವಿನಲ್ಲಿ ಕಾಲಿಟ್ಟ ಕೂಡಲೇ ಮೂರನೇ ಮನೆಯ ಗೇಟಿನ ಹಿಂದಿನಿಂದ ದನಿ ಕೇಳುತ್ತದೆ: "ಯಾರು ಬೇಕಾಗಿತ್ತು?" ಹೇಳಿದರೆ ದಾರಿ ಸಿಗುತ್ತದೆ. ಹೇಳದಿದ್ದರೆ ಅದೇ ಪ್ರಶ್ನೆ ಇನ್ನೊಮ್ಮೆ, ಹಿಂದಿಯಲ್ಲಿ. ಅದಕ್ಕೂ ಉತ್ತರವಿಲ್ಲವೆಂದರೆ ಬಂದವನು ಶತ್ರು.

ಕೇಳುವವರು ರೇಡಾರ್ ಅಂಕಲ್. ವಾಯುಪಡೆಯಲ್ಲಿ ಇಪ್ಪತ್ತೆಂಟು ವರ್ಷ ಹಸಿರು ಪರದೆ ನೋಡುತ್ತಾ ಕೂತು, ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು. ತರಬೇತಿ ಜಾಲಹಳ್ಳಿಯಲ್ಲಿ, ಆಮೇಲೆ ದೇಶದ ಗಡಿಯ ಮರಳು, ಹಿಮ, ಸೊಳ್ಳೆ ಎಲ್ಲ ಮುಗಿಸಿ ಮನೆ ಕಟ್ಟಿದ್ದು ಮತ್ತೆ ಜಾಲಹಳ್ಳಿಯ ಮಗ್ಗುಲಿಗೇ. ವಿದ್ಯಾರಣ್ಯಪುರದ ಈ ಕಡೆ ಅದೇನೂ ವಿಶೇಷವಲ್ಲ. ನಾಲ್ಕು ಮನೆಯವರು ಬಿಇಎಲ್‌ನಲ್ಲಿ ರೇಡಾರ್ ಮಾಡಿದವರಾದರೆ ಐದನೇ ಮನೆಯವರು ಅದನ್ನು ನೋಡಿದವರು.

"ಯಾರು ಬೇಕಾಗಿತ್ತು" ಎನ್ನುವುದು ಬಾಯಿಚಪಲವಲ್ಲ, ಶಾಸ್ತ್ರ. ಆಕಾಶದಲ್ಲಿ ಬರುವ ವಿಮಾನಕ್ಕೆ ನೆಲದಿಂದ ಒಂದು ಸಂಕೇತದ ಪ್ರಶ್ನೆ ಹೋಗುತ್ತದಂತೆ. ನಮ್ಮವರದ್ದಾದರೆ ಅದರೊಳಗಿನ ಪೆಟ್ಟಿಗೆ ತಾನಾಗಿಯೇ ಉತ್ತರ ಕೊಡುತ್ತದೆ. ಪೆಟ್ಟಿಗೆ ಕೆಟ್ಟಿದ್ದರೆ ನಮ್ಮವನೂ ಪರಕೀಯನೇ. ಒಮ್ಮೆ ಅವರ ಸ್ವಂತ ಭಾಮೈದ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಬಂದು, ಉತ್ತರ ಕೊಡಲಾಗದೆ, ಗೇಟಿನಾಚೆ ಐದು ನಿಮಿಷ ಬಿಸಿಲಲ್ಲಿ ನಿಂತಿದ್ದರು. ಗುರುತು ಸಿಗದ ವಿಮಾನವನ್ನು ರೇಡಾರಿನವರ ಮಾತಿನಲ್ಲಿ 'ಬೋಗಿ' ಎನ್ನುತ್ತಾರೆ. ನಮಗೆ ಬೋಗಿ ಎಂದರೆ ರೈಲಿನದ್ದು. ಹೀಗಾಗಿ "ನಿನ್ನೆ ರಾತ್ರಿ ಬೀದೀಲಿ ಎರಡು ಬೋಗಿ ಓಡಾಡಿದವು" ಎಂದು ಅವರು ಮೊದಲ ಸಲ ಹೇಳಿದಾಗ ನಾನು ಗಾಬರಿಯಾಗಿದ್ದೆ.

ಕಂಡದ್ದೆಲ್ಲ ಒಂದು ದಪ್ಪ ರಟ್ಟಿನ ಪುಸ್ತಕಕ್ಕೆ ಏರುತ್ತದೆ. "06:10 ಹಾಲು, ಫ್ರೆಂಡ್ಲಿ. 06:40 ಎದುರುಮನೆ, ವಾಕಿಂಗ್, ದಕ್ಷಿಣಕ್ಕೆ. 06:52 ಎದುರುಮನೆ, ವಾಪಸ್." ಎದುರುಮನೆ ಎಂದರೆ ನಾನು. ಆ ಹನ್ನೆರಡು ನಿಮಿಷವನ್ನು ಮುಕ್ಕಾಲು ಗಂಟೆ ಎಂದು ಹೆಂಡತಿಯ ಮುಂದೆ ಎರಡು ವರ್ಷ ನಡೆಸಿಕೊಂಡು ಬಂದಿದ್ದೆ. ಪುಸ್ತಕ ಒಂದು ದಿನ ಅರಿಸಿನ ಕುಂಕುಮಕ್ಕೆ ಹೋದ ಇವಳ ಕೈಗೆ ಸಿಕ್ಕಿತು. ಅಲ್ಲಿಂದ ನಾನೂ ಪಾರ್ಕಿನ ತನಕ ಹೋಗುತ್ತಿದ್ದೇನೆ.

ಅಂಕಲ್ ಮನೆಯ ಮಹಡಿ ಮೇಲೊಂದು ರೂಮಿದೆ. ಅದಕ್ಕೆ ಹಾಸನದ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ ಬಾಡಿಗೆಗೆ ಬಂದ. ಮೆತ್ತನೆ ಮಾತಿನವನು. ಬಂದ ಮೂರನೇ ದಿನ ಗೇಟಿನ ಹತ್ತಿರ ನಿಂತು, "ಅಂಕಲ್, ಏಲಿಯನ್‌ಗಳ ಯುದ್ಧನೌಕೆ ಬಂದರೆ ನಿಮ್ಮ ರೇಡಾರಿಗೆ ಕಾಣುತ್ತಾ?" ಎಂದು ಕೇಳಿದ. ಇಪ್ಪತ್ತೆಂಟು ವರ್ಷದಲ್ಲಿ ಅವರನ್ನು ಯಾರೂ ಅಷ್ಟು ಆಸೆಯಿಂದ ಏನನ್ನೂ ಕೇಳಿರಲಿಲ್ಲವೇನೋ. ಇನ್ನೊಂದು ಕುರ್ಚಿ ಹೊರಬಂತು. ಒಳಗಿನಿಂದ ಮಗಳು ಎರಡು ಲೋಟ ಕಾಫಿ ತಂದಿಟ್ಟಳು.

"ಬಂದರೆ ನಾವು ಮೊದಲು ಹಕ್ಕಿ ಅಂತೀವಿ" ಎಂದರು ಅಂಕಲ್.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರದೆಯಲ್ಲಿ ಎಲ್ಲಿಂದಲೋ ಚುಕ್ಕೆಗಳು ಮೂಡುತ್ತಿದ್ದವಂತೆ. ಯಾವುದಕ್ಕೂ ಸೇರದ ಅವಕ್ಕೆ 'ಏಂಜೆಲ್', ಅಂದರೆ ದೇವದೂತ, ಎಂದು ಹೆಸರಿಟ್ಟರು. ಬೆನ್ನುಹತ್ತಿ ನೋಡಿದರೆ ಎಷ್ಟೋ ಹಕ್ಕಿಗಳು. "ಹಕ್ಕಿ ಅಲ್ಲ ಅಂತಾದರೆ ಮೋಡ ಅಂತೀವಿ. ಮೋಡ ಅಲ್ಲ ಅಂದರೆ ಮೆಷೀನ್ ಖರಾಬ್ ಅಂತೀವಿ. ಅದೂ ಅಲ್ಲ ಅಂದಮೇಲೆ ಸಾಹೇಬರಿಗೆ ಫೋನು."

"ಫೋನ್ ಮಾಡಿದ ಮೇಲೆ?"

"ಅದಕ್ಕೆ ಒಂದು ಕಥೆ ಇದೆ."

ಕಥೆ ಹವಾಯಿ ದ್ವೀಪದ್ದು. 1941ರ ಡಿಸೆಂಬರ್ 7, ಭಾನುವಾರ. ಒಪಾನಾ ಎಂಬ ಗುಡ್ಡದ ಮೇಲೆ ಇಬ್ಬರು ಹುಡುಗ ಸಿಪಾಯಿಗಳು ರೇಡಾರ್ ನೋಡುತ್ತಿದ್ದರು. ಏಳಕ್ಕೆ ಡ್ಯೂಟಿ ಮುಗಿಯಿತು, ತಿಂಡಿಗೆ ಕರೆದೊಯ್ಯಬೇಕಾದ ಗಾಡಿ ಬರಲಿಲ್ಲ. ಸುಮ್ಮನೆ ಕೂರುವುದೇಕೆಂದು ಯಂತ್ರವನ್ನು ಹಾಗೇ ಓಡಲು ಬಿಟ್ಟರು. 7:02ಕ್ಕೆ ಉತ್ತರದಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆ, ಹಿಂದೆಂದೂ ಕಾಣದಷ್ಟು ದೊಡ್ಡ ಗುಂಪು. ಫೋನ್ ಮಾಡಿದರು. ಆಚೆ ಇದ್ದ ಲೆಫ್ಟಿನೆಂಟ್ ಸಾಹೇಬರು, ಕ್ಯಾಲಿಫೋರ್ನಿಯಾದಿಂದ ನಮ್ಮದೇ ಬಾಂಬರುಗಳು ಬರುವುದಿದೆ, ಅವೇ ಇರಬೇಕು, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಬಂದದ್ದು ಜಪಾನಿನ 183 ವಿಮಾನಗಳು, ಪರ್ಲ್ ಹಾರ್ಬರ್ ಮೇಲೆ.

"ಇದರಿಂದ ಏನು ಗೊತ್ತಾಯ್ತು?" ಎಂದರು ಅಂಕಲ್. ಹುಡುಗ ಮೇಲಧಿಕಾರಿಗಳ ಅಲಕ್ಷ್ಯದ ಬಗ್ಗೆ ಏನೋ ಹೇಳಹೊರಟ. "ಅದಲ್ಲ. ತಿಂಡಿ ಗಾಡಿ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಅಷ್ಟೂ ಕಾಣ್ತಿರಲಿಲ್ಲ!"

ಹುಡುಗ ದಿನಾ ಆರೂವರೆಗೆ ಬರತೊಡಗಿದ. ದಿನಾ ಒಂದು ಏಲಿಯನ್ ಪ್ರಶ್ನೆ, ದಿನಾ ಎರಡು ಲೋಟ ಕಾಫಿ. ಇಷ್ಟು ಶ್ರದ್ಧೆ ಈಗಿನ ಹುಡುಗರಲ್ಲಿ ಇಲ್ಲ ಎಂದು ಅಂಕಲ್ ಬೀದಿಗೆಲ್ಲ ಹೇಳಿಕೊಂಡು ಬಂದರು. ನನ್ನ ಹೆಂಡತಿ ಮಾತ್ರ, "ಹೌದಾ, ರೇಡಾರಿನ ಮೇಲೆ ಅಷ್ಟೊಂದು ಶ್ರದ್ಧೆನಾ?" ಎಂದು ರಾಗ ಎಳೆದಳು. ಹೆಂಗಸರ ರಾಗವನ್ನು ಆಗಲೇ ಹಿಡಿಯಬೇಕಿತ್ತು. ನಾನೂ ಹಿಡಿಯಲಿಲ್ಲ.

ಒಂದು ಸಂಜೆ ಅಂಕಲ್‌ಗೆ ಬಹಳ ಇಷ್ಟದ ಚಂದ್ರನ ಕಥೆ ಬಂತು. 1960ರ ಅಕ್ಟೋಬರ್ 5. ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿ ಅಮೆರಿಕದವರು ಸೋವಿಯತ್ ಕ್ಷಿಪಣಿಗಳ ಮೇಲೆ ಕಣ್ಣಿಡಲು ಹೊಚ್ಚ ಹೊಸ ರೇಡಾರ್ ಹೂಡಿದ್ದರು. ಕ್ಷಿಪಣಿಗಳು ಸಾಲುಗಟ್ಟಿ ಬರುತ್ತಿವೆ, ದಾಳಿ ನೂರಕ್ಕೆ 99.9 ಪಾಲು ಖಚಿತ ಎಂದು ಯಂತ್ರ ಹೇಳಿಬಿಟ್ಟಿತು. ಜಗತ್ತು ಮುಗಿಯಿತು ಎನ್ನುವಾಗ ಒಬ್ಬ ಅಧಿಕಾರಿ, ಸೋವಿಯತ್ ನಾಯಕ ಕ್ರುಶ್ಚೇವ್ ಎಲ್ಲಿದ್ದಾನೆ ಎಂದು ವಿಚಾರಿಸಿದರು. ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಸಭೆಯಲ್ಲಿ! ತಾನು ಕೂತ ಊರಿನ ಮೇಲೆ ತಾನೇ ಬಾಂಬು ಹಾಕಿಸುವವನುಂಟೆ? ಆಮೇಲೆ ತಿಳಿಯಿತು, ನಾರ್ವೆಯ ಮೇಲೆ ಚಂದ್ರ ಹುಟ್ಟುತ್ತಿದ್ದ. ರೇಡಾರಿನ ಅಲೆ ಚಂದ್ರನಿಗೆ ಬಡಿದು ಎರಡೂವರೆ ಸೆಕೆಂಡಿಗೆ ವಾಪಸಾಗಿತ್ತು. ಅಷ್ಟು ದೂರದಿಂದ ಯಾರಾದರೂ ಉತ್ತರ ಕೊಟ್ಟಾರೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಪಕ್ಕದಲ್ಲೇ ಇದೆ ಎಂದು ಲೆಕ್ಕ ಹಾಕಿತು.

ನಮ್ಮವರೂ ಹಿಂದೆ ಬಿದ್ದಿಲ್ಲ. 2012ರ ಆಗಸ್ಟಿನಿಂದ ಆರೇಳು ತಿಂಗಳು ಲಡಾಖ್ ಗಡಿಯಲ್ಲಿ ಸೈನಿಕರು ರಾತ್ರಿ ಹೊಳೆಯುವ ವಸ್ತುಗಳನ್ನು ಕಂಡು 329 ಸಲ ದಾಖಲಿಸಿದರು. ಚೀನಾದ ಡ್ರೋನ್ ಇರಬೇಕೆಂಬ ಗುಮಾನಿ. ಕೊನೆಗೆ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ನೋಡಿ, ಒಂದು ಗುರು, ಇನ್ನೊಂದು ಶುಕ್ರ ಎಂದರು. ಇದನ್ನು ನಮ್ಮ ಬೀದಿಯ ಜೋಯಿಸರನ್ನು ಕೇಳಿದ್ದರೂ ಗುರು ಶುಕ್ರರ ಕಾಟ ಎಂದೇ ಹೇಳುತ್ತಿದ್ದರು, ದಕ್ಷಿಣೆ ಇನ್ನೂರೊಂದು ರೂಪಾಯಿ.

2023ರ ಫೆಬ್ರವರಿಯದ್ದನ್ನು ಹುಡುಗನೇ ಎತ್ತಿದ. ಚೀನಾದ ಬಲೂನೊಂದು ತಲೆಯ ಮೇಲೆ ಹಾದುಹೋದ ಮೇಲೆ ಅಮೆರಿಕದವರು ರೇಡಾರಿನ ಜರಡಿ ಸಡಿಲಿಸಿದರು. ಅಲ್ಲಿಯವರೆಗೆ ನಿಧಾನವಾಗಿ ಹೋಗುವುದನ್ನೆಲ್ಲ ಕಸವೆಂದು ಬಿಡುತ್ತಿದ್ದ ಯಂತ್ರ ಈಗ ಎಲ್ಲವನ್ನೂ ತೋರಿಸತೊಡಗಿತು, ಹೊಸ ಕನ್ನಡಕ ಹಾಕಿಕೊಂಡ ದಿನ ಮನೆಯ ಜೇಡರಬಲೆಯೆಲ್ಲ ಕಂಡ ಹಾಗೆ. ಮೂರು ದಿನದಲ್ಲಿ ಮೂರು ವಸ್ತುಗಳನ್ನು ಕ್ಷಿಪಣಿಯಿಂದ ಹೊಡೆದರು. ಏಲಿಯನ್ ಇರಬಹುದೇ ಎಂದು ಪತ್ರಕರ್ತರು ಕೇಳಿದರೆ, ಯಾವುದನ್ನೂ ತಳ್ಳಿಹಾಕಿಲ್ಲ ಎಂದು ಜನರಲ್ ಸಾಹೇಬರೇ ಹೇಳಿದರು. ಒಂದೊಂದು ಕ್ಷಿಪಣಿಗೆ ನಾಲ್ಕು ಲಕ್ಷ ಡಾಲರಿಗೂ ಮೇಲೆ ಖರ್ಚು. ಅದರಲ್ಲಿ ಒಂದು ವಸ್ತು ಇಲಿನಾಯ್ ಕಡೆಯ ಹವ್ಯಾಸಿಗಳು ಹಾರಿಬಿಟ್ಟ ಪುಟ್ಟ ಬಲೂನು ಇದ್ದಿರಬಹುದು. "ಫಿಲ್ಟರ್ ಬಿಗಿ ಇದ್ದರೆ ಏಲಿಯನ್ ಕಾಣಲ್ಲ, ಸಡಿಲ ಇದ್ದರೆ ಎಲ್ಲಾ ಏಲಿಯನ್ನೇ" ಎಂದು ಅಂಕಲ್ ಕಾಫಿ ಕುಡಿದರು.

"ಈ ಗುರು ಶುಕ್ರ ಬಲೂನು ಬಿಡಿ ಅಂಕಲ್. ನಿಜವಾದ ಯುದ್ಧನೌಕೆಯೇ ಬಂದರೆ?"

ಅಂಕಲ್ ಪುಸ್ತಕದ ಕೊನೆಯ ಹಾಳೆ ತೆಗೆದು ಲೆಕ್ಕ ಹಾಕಿದರು. ಬೇರೆ ಲೋಕದಿಂದ ಬರುವವನು ನಮ್ಮ ಬಿಎಂಟಿಸಿ ಬಸ್ಸಿನಂತೆ ಬರಲಾರ. ಗಂಟೆಗೆ 50,000 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅವರು ನೋಡುತ್ತಿದ್ದ ಆಂಟೆನಾ ಹತ್ತು ಸೆಕೆಂಡಿಗೆ ಒಂದು ಸುತ್ತು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಹಡಗು 139 ಕಿಲೋಮೀಟರ್ ನೆಗೆದಿರುತ್ತದೆ. 300 ಕಿಲೋಮೀಟರ್ ನೋಡುವ ರೇಡಾರಿನಲ್ಲಿ ಎರಡೇ ಎರಡು ಚುಕ್ಕೆ, ಒಂದು ಅಲ್ಲಿ, ಒಂದು ಇಲ್ಲಿ. ಎರಡೂ ಒಂದೇ ವಸ್ತು ಎಂದು ಯಾವ ಆಪರೇಟರೂ ಜೋಡಿಸುವುದಿಲ್ಲ. ಕಸ ಎಂದು ಬಿಟ್ಟುಬಿಡುತ್ತಾನೆ.

"ಮೂರನೇ ಸುತ್ತಿಗೆ?"

"ಮೂರನೇ ಸುತ್ತಿಗೆ ನೆತ್ತಿ ಮೇಲೆ ಇರ್ತಾನೆ. ನೆತ್ತಿ ಮೇಲೆ ಬಂದದ್ದು ರೇಡಾರಿಗೆ ಕಾಣಲ್ಲ ಕಣಯ್ಯಾ! ಕಿರಣ ಸುತ್ತಲೂ ತಿರುಗುತ್ತೆ, ಮೇಲಕ್ಕೆ ನೋಡಲ್ಲ. ನಮ್ಮ ತಲೆ ಮೇಲೇ ಒಂದು ಕುರುಡು ಜಾಗ ಇರುತ್ತೆ, ಆಲಿಕೆ ಆಕಾರದ್ದು. ಅಲ್ಲಿ ಬಂದು ಸಂಸಾರ ಹೂಡಿದರೂ ನಮಗೆ ಗೊತ್ತಾಗಲ್ಲ."

ಹುಡುಗ ಗಂಭೀರವಾಗಿ ತಲೆಯಾಡಿಸಿದ. ಲೋಟ ತೆಗೆದುಕೊಳ್ಳಲು ಬಂದ ಮಗಳಿಗೆ ಯಾಕೋ ಕೆಮ್ಮು ಬಂತು.

ಇದಾಗಿ ಒಂದು ವರ್ಷ ಆಗಿರಬೇಕು. ಒಂದು ರಾತ್ರಿ ಬೀದಿಯ ಮಕ್ಕಳೆಲ್ಲ ಕಿರುಚಿಕೊಂಡವು. ಪಶ್ಚಿಮದ ಆಕಾಶದಲ್ಲಿ ಬೆಳಕಿನ ಚುಕ್ಕೆಗಳ ಉದ್ದ ಸಾಲು, ದಾರಕ್ಕೆ ಪೋಣಿಸಿದ ಹಾಗೆ, ಸದ್ದಿಲ್ಲದೆ ಬರುತ್ತಿತ್ತು. ಜೋಯಿಸರು ಸ್ನಾನಕ್ಕೆ ಓಡಿದರು. ನಾವೆಲ್ಲ ತಾರಸಿ ಏರಿದೆವು. ಮಂಡಿನೋವಿನಿಂದ ಮೂರು ವರ್ಷ ಮಹಡಿ ಹತ್ತದ ಅಂಕಲ್, ಮಂಕಿ ಕ್ಯಾಪ್ ಹಾಕಿ, ಪುಸ್ತಕ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ನಮ್ಮ ತಾರಸಿಯಿಂದ ಅವರ ತಾರಸಿ ಅಂಗೈಯಷ್ಟು ಹತ್ತಿರ. ಅಲ್ಲಿ ಆಗಲೇ ಹುಡುಗನೂ ಮಗಳೂ ಇದ್ದರು, ಕಟ್ಟೆಯ ಮೇಲೆ ಎರಡು ಲೋಟ ಕಾಫಿಯೂ ಇತ್ತು.

ಹುಡುಗ ಗಾಬರಿಯಲ್ಲಿ ಆಕಾಶಕ್ಕೆ ಕೈತೋರಿಸಿ, "ನೋಡಿ ಮಾವ, ಬೋಗಿ! ಸಾಲಾಗಿ ಬರ್ತಿವೆ!" ಎಂದ.

ಅಂಕಲ್ ಮೊದಲು ಕರ್ತವ್ಯ ನೋಡಿದರು. ದಿಕ್ಕು, ಎತ್ತರ, ವೇಗ ಎಲ್ಲ ಅಳೆದು, "ಉಪಗ್ರಹ. ಸ್ಟಾರ್‌ಲಿಂಕ್. 2019ರಲ್ಲಿ ಶುರುವಿನಲ್ಲೇ ಅರವತ್ತು ಒಟ್ಟಿಗೆ ಹಾರಿಸಿದ್ದರು. ಹೊಸದಾಗಿ ಬಿಟ್ಟಾಗ ಹೀಗೇ, ಚೆದುರೋ ತನಕ ಸಾಲಾಗಿ ಹೋಗ್ತವೆ. ಫ್ರೆಂಡ್ಲಿ" ಎಂದು ಬರೆದು ಪುಸ್ತಕ ಮಡಚಿದರು. ಆಮೇಲೆ, ಚಂದ್ರನಿಗೆ ಹೋದ ಅಲೆ ತಿರುಗಿ ಬರುವಷ್ಟು ಹೊತ್ತು ಬಿಟ್ಟು, ಹುಡುಗನ ಕಡೆ ತಿರುಗಿದರು.

"ಏನಂದೆ? ಮಾವ?"

ಆಕಾಶದ ಸಾಲು ದಾಟಿಹೋಗಿ ಎಷ್ಟೋ ಹೊತ್ತಾದರೂ ನಮ್ಮ ಬೀದಿಯಲ್ಲಿ ಯಾರೂ ತಾರಸಿಯಿಂದ ಇಳಿಯಲಿಲ್ಲ. ಕೆಳಗಿನಿಂದ ಅವರ ಹೆಂಡತಿ, "ರೀ, ಈಗ ಗೊತ್ತಾಯ್ತಾ? ಹಾಲಿನವನಿಗೂ ಗೊತ್ತು. ಇಳಿದು ಬನ್ನಿ, ಚಪಾತಿ ಆರುತ್ತೆ" ಎಂದು ಕೂಗಿದರು.

ಮಾಘದಲ್ಲಿ ಮದುವೆಯಾಯಿತು. ಅಂಕಲ್‌ಗೆ ಇದರಿಂದ ಮಾನ ಹೋಗಲಿಲ್ಲ, ಬದಲಿಗೆ ತಮ್ಮ ಶಾಸ್ತ್ರ ಸರಿಯೆಂದು ರುಜುವಾತಾದ ಹೆಮ್ಮೆ. "ನಾನು ಮೊದಲೇ ಹೇಳಿರಲಿಲ್ವಾ, ನೆತ್ತಿ ಮೇಲೆ ಕಾಣಲ್ಲ ಅಂತ!" ಎಂದು ಛತ್ರದ ಬಾಗಿಲಲ್ಲೇ ನಿಂತು, ಬಂದವರಿಗೆಲ್ಲ ಪನ್ನೀರಿನ ಜೊತೆ ಹಂಚಿದರು. ಗಂಡಿನ ಕಡೆಯವರನ್ನೂ "ಯಾರು ಬೇಕಾಗಿತ್ತು" ಎಂದೇ ಒಳಗೆ ಬಿಟ್ಟದ್ದು.

ಹುಡುಗ ಈಗಲೂ ಅದೇ ಮಹಡಿ ರೂಮಿನಲ್ಲಿದ್ದಾನೆ. ಬಾಡಿಗೆ ಮಾತ್ರ ಆ ತಿಂಗಳಿಂದ ಬಂದಿಲ್ಲವಂತೆ.