ಸುಭಾಸ ರಸ್ತೆಯ ಅಟ್ಟ ಮತ್ತು ಅದರ ಯಜಮಾನ

ಜಿ.ಬಿ. ಜೋಶಿ ಹೋಟೆಲು ಇಟ್ಟವರಲ್ಲ. ಗದಗ ಸೀಮೆಯ ಹೊಂಬಳದಲ್ಲಿ 1904ರಲ್ಲಿ ಹುಟ್ಟಿದರು, ಪುಸ್ತಕ ಪ್ರಕಟಿಸುವ ಹುಚ್ಚನ್ನು 1933ರಲ್ಲಿ ಹಚ್ಚಿಕೊಂಡರು, 1993ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಕಾಗದಪತ್ರದ ಪ್ರಕಾರ ಅವರು ಧಾರವಾಡದ ಮನೋಹರ ಗ್ರಂಥಮಾಲೆಯ ಸಂಸ್ಥಾಪಕರು. ಆದರೆ ಸಾಹಿತ್ಯದ ಗಂಧವಿರುವ ಧಾರವಾಡದವರ ಬಾಯಲ್ಲಿ ಗ್ರಂಥಮಾಲೆ ಎಂಬ ಉದ್ದನೆಯ ಹೆಸರಿಗಿಂತ ಹೆಚ್ಚು ಓಡಾಡುವುದು ‘ಅಟ್ಟ’ ಎಂಬ ಎರಡಕ್ಷರ. ಸುಭಾಸ ರಸ್ತೆಯ ಲಕ್ಷ್ಮೀ ಭವನದ ಆ ಜಾಗಕ್ಕೆ ಬಂದವರು ಯಾರು, ಎಷ್ಟು ಹೊತ್ತು ಕೂತರು, ಎಷ್ಟು ಚಹಾ ಕುಡಿದರು, ಯಾರ ಕವಿತೆಯ ಮೇಲೆ ಯಾರು ಜಗಳಾಡಿದರು ಎಂಬುದನ್ನೆಲ್ಲ ಕೂಡಿಸಿ ನೋಡಿದರೆ, ಅದು ಪ್ರಕಾಶನ ಸಂಸ್ಥೆಯ ವೇಷ ಹಾಕಿದ ಚಾದಂಗಡಿ ಎಂದು ತೀರ್ಮಾನಿಸಲು ಅಡ್ಡಿಯಿಲ್ಲ. ವ್ಯತ್ಯಾಸ ಒಂದೇ. ಚಾದಂಗಡಿಯಲ್ಲಿ ಗಿರಾಕಿ ರೊಕ್ಕ ಕೊಟ್ಟು ಏಳುತ್ತಾನೆ. ಅಟ್ಟದಲ್ಲಿ ಕೂತವನು ಇವತ್ತಲ್ಲ ನಾಳೆ ಹಸ್ತಪ್ರತಿ ಕೊಡಬೇಕಾಗುತ್ತಿತ್ತು.

ಬರಹಗಾರರು, ಚಿತ್ರಕಾರರು ಮತ್ತು ಸದ್ಯಕ್ಕೆ ಕೆಲಸವಿಲ್ಲದ ಮೇಧಾವಿಗಳು ಸೇರುವ ಅಡ್ಡೆಯ ಪಕ್ಕದಲ್ಲಿ ಒಂದು ಸಮುದ್ರ ಇರಬೇಕು ಎಂಬ ನಂಬಿಕೆ ಹಲವು ದೇಶಗಳಲ್ಲಿದೆ. ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ 1964ರಿಂದ 2015ರವರೆಗೆ ನಡೆದ ಸಮೋವರ್ ಕೆಫೆ ಆ ಪೈಕಿಯದು. ಒಂದು ಚಹಾ ಮುಂದಿಟ್ಟುಕೊಂಡು ಇಡೀ ಮಧ್ಯಾಹ್ನ ಕಳೆಯುವ ಕಲಾವಿದರನ್ನು ಸಹಿಸಿಕೊಂಡದ್ದಕ್ಕಾಗಿ ಅದರ ಒಡತಿ ಉಷಾ ಖನ್ನಾ ಅವರನ್ನು ಆ ಊರು ಇನ್ನೂ ನೆನೆಯುತ್ತದೆ. ಅಲ್ಲಿಂದ ಕಡಲು ಕಾಲ್ನಡಿಗೆಯ ದೂರ. ಧಾರವಾಡಕ್ಕೆ ಈ ಸೌಕರ್ಯವಿಲ್ಲ. ಹತ್ತಿರದ ಕಡಲು ಘಟ್ಟ ಇಳಿದ ಮೇಲೆ, ಅಂಕೋಲೆ-ಕಾರವಾರದ ಕಡೆ. ಊರೊಳಗಿನ ನೀರೆಂದರೆ ಒಂದೆರಡು ಕೆರೆ, ಮತ್ತೆ ಜೂನಿನಿಂದ ಶುರುವಾಗಿ ಯಾವಾಗ ನಿಲ್ಲುತ್ತದೆಂದು ಹೇಳಲಾಗದ ಜಿಟಿಜಿಟಿ. ಕಾಫಿಯ ಕತೆಯೂ ಅಷ್ಟೇ. ಈ ಸೀಮೆಯಲ್ಲಿ ಕಾಫಿ ಬೇಕೆಂದರೆ ಬಾಯಿಬಿಟ್ಟು ಕೇಳಬೇಕು. ಸುಮ್ಮನೆ ಕೂತವರ ಮುಂದೆ ತಾನಾಗಿ ಬರುವುದು ಚಹಾ. ಹೀಗೆ ಕಡಲ ದಂಡೆಯ ಬೊಹೀಮಿಯನ್ ಕಾಫಿಗೃಹ ಎಂಬ ಕಲ್ಪನೆಯಲ್ಲಿ ಕಡಲು ಹೋಯಿತು, ಕಾಫಿ ಹೋಯಿತು, ಗೃಹ ಉಳಿಯಿತು. ಅದೂ ಮೆಟ್ಟಿಲು ಹತ್ತಿ ಹೋಗಬೇಕಾದ್ದು.

ಕಡಲಿನ ಕೊರತೆಯನ್ನು ಸರಕಾರ ತನಗೇ ಗೊತ್ತಿಲ್ಲದೆ ತುಂಬಿಕೊಟ್ಟಿತು. 1956ರ ಏಕೀಕರಣಕ್ಕೆ ಮೊದಲು ಉತ್ತರ ಕನ್ನಡ ಜಿಲ್ಲೆಯೂ ಧಾರವಾಡವೂ ಮುಂಬಯಿ ರಾಜ್ಯದಲ್ಲಿದ್ದವು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಎಷ್ಟೋ ವರ್ಷದ ಮೇಲೆ 1950ರ ಹೊತ್ತಿಗೆ ಊರಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, ಎರಡೂ ಸೇರಿ ಆ ಜಿಲ್ಲೆಯ ಹುಡುಗರನ್ನು ಟ್ರಂಕು-ಹಾಸಿಗೆ ಸಮೇತ ಧಾರವಾಡಕ್ಕೆ ಎಳೆದುಕೊಂಡವು. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರೂ ಆ ಕಾಲೇಜಿನಲ್ಲೇ ಓದಿದರು. ಹಳಿಯಾಳದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961) ಅಟ್ಟದಿಂದಲೇ ಹೊರಬಂತು. ಅಪ್ಪಟ ಕಡಲ ಕರೆಯವರಾದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ, ಅಂದರೆ ಇನ್ನೊಂದು ಕಡಲಿನ ಪಕ್ಕದಲ್ಲಿ ನೆಲೆಸಿದರು. ಅವರ ‘ಮೂರು ದಾರಿಗಳು’ (1964) ಮಾತ್ರ ಓದುಗರ ಕೈಸೇರಲು ಸುಭಾಸ ರಸ್ತೆಯ ನಾಲ್ಕನೆಯ ದಾರಿಯನ್ನು ಹಿಡಿಯಿತು.

ಇನ್ನು ಬೊಹೀಮಿಯನ್ ಎಂಬ ವಿಶೇಷಣ. ಮನಸ್ಸಿಗೆ ಬಂದಾಗ ಬರುವುದು, ಬಂದಲ್ಲಿ ಕೂರುವುದು, ಗಡಿಯಾರವನ್ನೂ ಜಾತಿಯನ್ನೂ ಕೇಳದೆ ಹಾಡುವುದು, ಸಿಟ್ಟು ಬಂದರೆ ಎದುರಿಗೇ ಬೈಯುವುದು ಪ್ಯಾರಿಸ್ಸಿನವರ ಆವಿಷ್ಕಾರ ಎಂದು ನಂಬಿದವರು ಧಾರವಾಡದಿಂದ ಗರಗಕ್ಕೆ ಒಂದು ಬಸ್ಸು ಹಿಡಿಯಬೇಕು. 19ನೆಯ ಶತಮಾನದಲ್ಲಿ ಗರಗದ ಮಡಿವಾಳಪ್ಪ, ನವಲಗುಂದದ ನಾಗಲಿಂಗಪ್ಪ, ಶಿಶುನಾಳದ ಶರೀಫರೆಂಬ ಅನುಭಾವಿಗಳು ಈ ಸೀಮೆಯಲ್ಲಿ ಇದನ್ನೇ ಮಾಡಿದರು. ಹಳ್ಳಿಯ ಕಟ್ಟೆಗಳಲ್ಲಿ ಈ ಮೂವರ ಕತೆಗಳು ಒಂದರೊಳಗೊಂದು ಸೇರಿಕೊಂಡು ಬರುತ್ತವೆ. ಯಾರು ಯಾರನ್ನು ಯಾವಾಗ ಬೈದರು ಎಂಬುದು ಹೇಳುವವರ ಊರಿನ ಮೇಲೆ ಬದಲಾಗುತ್ತದೆ. ಪ್ಯಾರಿಸ್ಸಿನವರು ಇಂಥ ಬದುಕಿಗೊಂದು ಹೆಸರಿಟ್ಟರು. ಧಾರವಾಡ ಸೀಮೆಯವರು ಗದ್ದುಗೆ ಕಟ್ಟಿ ಜಾತ್ರೆ ಮಾಡಿದರು.

ಮುಂದೆ 1922ರಲ್ಲಿ ದ.ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕಟ್ಟಿಕೊಂಡಾಗ ಕೂಡಿ ಕೂರುವ ಈ ಚಟಕ್ಕೆ ಮುದ್ರಣದ ಚಟವೂ ಅಂಟಿತು. ಬರೆಯುವವರು ಬೇಕಾದಷ್ಟಿದ್ದರು. ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿಯಂಥ ಓದಿದ ತರುಣರಿದ್ದರು. ಕೊರತೆಯಿದ್ದದ್ದು ಬರೆದದ್ದನ್ನು ಹೊರುವವರಿಗೆ. ಹೊರೆ ಎತ್ತಿಕೊಂಡ ಗೋವಿಂದಾಚಾರ್ಯ ಭೀಮಾಚಾರ್ಯ ಜೋಶಿ ತಮಗಿಟ್ಟುಕೊಂಡ ಕಾವ್ಯನಾಮ ‘ಜಡಭರತ’. ಭಾಗವತದ ಜಡಭರತ ರಹೂಗಣ ರಾಜನ ಪಲ್ಲಕ್ಕಿ ಹೊರಲು ಸಿಕ್ಕಿಬಿದ್ದ ಜ್ಞಾನಿ. ಕಾಲ ಕೆಳಗಿನ ಇರುವೆ ಸಾಯಬಾರದೆಂದು ಹುಷಾರಾಗಿ ಹೆಜ್ಜೆಯಿಟ್ಟದ್ದರಿಂದ ಪಲ್ಲಕ್ಕಿ ಕುಲುಕಾಡಿತು, ಒಳಗಿದ್ದ ರಾಜ ಕೂಗಾಡಿದ. ಸಾಹಿತಿಗಳ ಪಲ್ಲಕ್ಕಿಗೆ ಅರುವತ್ತು ವರ್ಷ ಹೆಗಲು ಕೊಡಲಿದ್ದ ಮನುಷ್ಯನಿಗೆ ಇದಕ್ಕಿಂತ ಖಚಿತವಾದ ಉದ್ಯೋಗ ವಿವರಣೆ ಸಿಕ್ಕುತ್ತಿರಲಿಲ್ಲ.

ವ್ಯವಹಾರದ ಸ್ವರೂಪ ಸರಳವಾಗಿತ್ತು, ಮತ್ತು ಧೈರ್ಯದ್ದಾಗಿತ್ತು. ಓದುಗ ವರ್ಷದ ಚಂದಾ ಮೊದಲೇ ಕೊಟ್ಟು ಸದಸ್ಯನಾಗಬೇಕು. ಗ್ರಂಥಮಾಲೆ ವರ್ಷದುದ್ದಕ್ಕೂ ತಾನು ಪ್ರಕಟಿಸಿದ ಪುಸ್ತಕಗಳನ್ನು ಕಳಿಸಬೇಕು. ಏನು ಬರುತ್ತದೆಂದು ಸದಸ್ಯನಿಗೆ ಮೊದಲೇ ಗೊತ್ತಾಗುವಂತಿರಲಿಲ್ಲ. ಸಂಪಾದಕರಿಗೂ ಎಷ್ಟೋ ಸಲ ಗೊತ್ತಿದ್ದಿರಲಾರದು. ಇಲ್ಲಿಯೂ ಗರಗವನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಗರಗದ ಕ್ಷೇತ್ರೀಯ ಸೇವಾ ಸಂಘ 1954ರಿಂದ ಖಾದಿ ನೇಯುತ್ತಿದೆ. ರಾಷ್ಟ್ರಧ್ವಜದ ಬಟ್ಟೆ ಅಲ್ಲಿನ ಹೆಮ್ಮೆ. ಭಾರತೀಯ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದ್ದೇ ರಾಷ್ಟ್ರಧ್ವಜದ್ದು. ನೂಲಿನ ಎಣಿಕೆ, ಬಣ್ಣ, ತೂಕ, ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ. ಒಂದು ತಪ್ಪಿದರೂ ಬಟ್ಟೆ ಧ್ವಜವಾಗುವುದಿಲ್ಲ. ಅದೇ ತಾಲ್ಲೂಕಿನ ಅಟ್ಟದಲ್ಲಿ ತಯಾರಾಗುತ್ತಿದ್ದ ಮಾಲಿಗೆ ಮಾನಕವೆಂಬುದೇ ಇರಲಿಲ್ಲ. ಒಂದು ತಿಂಗಳು ಕಾದಂಬರಿ ಬರಬಹುದು, ಮುಂದಿನ ತಿಂಗಳು ಅದೇ ಕಾದಂಬರಿಯ ಜಾತಿಯವರನ್ನೆಲ್ಲ ಝಾಡಿಸುವ ವಿಮರ್ಶೆ ಬರಬಹುದು.

ಚಂದಾದಾರನ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಅಂಚೆಯವನು ಕಟ್ಟು ಎಸೆದು ಹೋಗುತ್ತಾನೆ. ಮನೆಯ ಹಿರಿಯರು ಸಂಧ್ಯಾವಂದನೆ ಮುಗಿಸಿ ಬಂದು ನೋಡಿದರೆ ಹೊದಿಕೆಯ ಮೇಲೆ ‘ಸಂಸ್ಕಾರ’ ಎಂದಿದೆ. ಷೋಡಶ ಸಂಸ್ಕಾರಗಳ ವಿಧಿವಿಧಾನವನ್ನು ಕಡೆಗೂ ಒಬ್ಬರು ತಿಳಿಗನ್ನಡದಲ್ಲಿ ಬರೆದರಲ್ಲ ಎಂದು ಸಂತೋಷಪಟ್ಟು ಕನ್ನಡಕ ಹಾಕಿಕೊಳ್ಳುತ್ತಾರೆ. ಅರ್ಧ ತಾಸಿನ ಮೇಲೆ ಕನ್ನಡಕ ತೆಗೆಯುತ್ತಾರೆ. ಪುಸ್ತಕ ಅಡುಗೆಮನೆಯ ಕಡೆ ಹೋಗಬಾರದೆಂದು ಅಪ್ಪಣೆಯಾಗುತ್ತದೆ. ಹೋಗಬಾರದೆಂದ ಮೇಲೆ ಅದು ಅಡುಗೆಮನೆ ಮುಟ್ಟಲು ಎಷ್ಟು ಹೊತ್ತು ಬೇಕು? ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದ ಈ ಕಾದಂಬರಿಯನ್ನು ಗ್ರಂಥಮಾಲೆ ಪ್ರಕಟಿಸಿದ್ದು 1965ರಲ್ಲಿ. ಮಾಧ್ವ ಅಗ್ರಹಾರವೊಂದರಲ್ಲಿ ಹೆಣ ಕೊಳೆಯುವ ಕತೆಗೆ ತನ್ನ ಮುದ್ರೆ ಒತ್ತಿದವನ ಹೆಸರಿನಲ್ಲೇ ಎರಡೆರಡು ಆಚಾರ್ಯರಿದ್ದರು ಎಂಬುದನ್ನು ಸಿಟ್ಟಾದವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಆ ಕಾದಂಬರಿಯ ಮುಂದಿನ ಚರಿತ್ರೆಯೂ ಅಟ್ಟದ ಮೆಟ್ಟಿಲಿನ ಸುತ್ತಲೇ ಗಿರಕಿ ಹೊಡೆಯಿತು. 1970ರ ಚಲನಚಿತ್ರದಲ್ಲಿ ಪ್ರಾಣೇಶಾಚಾರ್ಯರಾದದ್ದು ಕಾರ್ನಾಡ. ಸೆನ್ಸಾರಿನವರು ಮೊದಲು ತಡೆದ ಆ ಚಿತ್ರಕ್ಕೇ ಆ ವರ್ಷದ ಸ್ವರ್ಣಕಮಲ ಬಂತು. ಕಾದಂಬರಿಯನ್ನು ಇಂಗ್ಲಿಷಿಗೆ ಒಯ್ದದ್ದು (1976) ಎ.ಕೆ. ರಾಮಾನುಜನ್; ಅವರ ಕನ್ನಡ ಕವನ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಇದೇ ಅಟ್ಟದ್ದು. ಷಿಕಾಗೊದಲ್ಲಿ ಪಾಠ ಹೇಳುತ್ತಿದ್ದ ಕವಿಯ ಹೊಕ್ಕುಳಿನ ಸಮಾಚಾರ ಕುಂದಗೋಳದ ಚಂದಾದಾರನಿಗೆ ಮುಟ್ಟುವುದೆಂದರೆ ಸಾಮಾನ್ಯ ಟಪಾಲು ವ್ಯವಸ್ಥೆಯಲ್ಲ.

ಅಟ್ಟಕ್ಕೆ ಬಂದ ಹಸ್ತಪ್ರತಿ ನೆಟ್ಟಗೆ ಅಚ್ಚಿನ ಮನೆಗೆ ಇಳಿಯುತ್ತಿರಲಿಲ್ಲ. ನಡುವೆ ಕೀರ್ತಿನಾಥ ಕುರ್ತಕೋಟಿ ಎಂಬ ಸುಂಕದಕಟ್ಟೆಯಿತ್ತು. ಗದಗಿನಲ್ಲಿ ಹುಟ್ಟಿ, ಗುಜರಾತದ ವಲ್ಲಭ ವಿದ್ಯಾನಗರದಲ್ಲಿ ಇಂಗ್ಲಿಷು ಕಲಿಸುತ್ತಿದ್ದ ಕುರ್ತಕೋಟಿಯವರು ಗ್ರಂಥಮಾಲೆಯ ಸಾಹಿತ್ಯಕ ಕಣ್ಣು. ಮುಂದೆ ಗಿರಡ್ಡಿ ಗೋವಿಂದರಾಜರೂ ಆ ಕೆಲಸಕ್ಕೆ ಹೆಗಲು ಕೊಟ್ಟರು. ಕುರ್ತಕೋಟಿ ಊರಿಗೆ ಬಂದರೆಂದರೆ ಅಟ್ಟದಲ್ಲಿ ಅಧಿವೇಶನ. ಗ್ರಂಥಮಾಲೆಯ ಬೆಳ್ಳಿಹಬ್ಬಕ್ಕೆ ಸನ್ಮಾನ, ಶಾಲು, ಹಣ್ಣಿನ ಬುಟ್ಟಿಗಳ ಬದಲು ಅವರ ಸಂಪಾದಕತ್ವದಲ್ಲಿ ‘ನಡೆದು ಬಂದ ದಾರಿ’ ಎಂಬ ಮೂರು ದಪ್ಪ ಸಂಪುಟಗಳು ಹೊರಟವು. ಸಂಸ್ಥೆಗೆ ವಯಸ್ಸಾಯಿತೆಂದು ಇಡೀ ಹೊಸಗನ್ನಡ ಸಾಹಿತ್ಯದ ನಾಡಿ ಹಿಡಿದು ನೋಡುವುದು ವಿಚಿತ್ರವಾದ ಹುಟ್ಟುಹಬ್ಬ. ವಿದ್ಯಾರ್ಥಿಗಳು ಮಾತ್ರ ಅಂದಿನಿಂದ ಇಂದಿನವರೆಗೆ ಆ ಸಂಪುಟಗಳಿಂದ ಎತ್ತಿ ಬರೆದು ಪಾಸಾಗುತ್ತಿದ್ದಾರೆ.

ಇಷ್ಟೆಲ್ಲ ದೊಡ್ಡವರ ನಡುವೆ ಯಜಮಾನರ ಕೆಲಸವೇನು ಎಂಬ ಪ್ರಶ್ನೆ ಸಹಜ. ಬರ್ರೀ, ಕೂಡ್ರಿ, ಚಾ ತೊಗೋರಿ ಎನ್ನುವುದು ಧಾರವಾಡದಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಹಾಗೆ ಕೂತವನು ಏನು ಬರೆಯುತ್ತಿದ್ದಾನೆಂದು ಪತ್ತೆಹಚ್ಚುವುದು, ಬರೆಯದಿದ್ದರೆ ಬೆನ್ನು ಹತ್ತುವುದು, ಬರೆದಿದ್ದರೆ ಕಸಿದುಕೊಳ್ಳುವುದು, ಕಸಿದದ್ದನ್ನು ತಿದ್ದಲು ಮರಳಿ ಅವನ ಕೈಗೇ ಕೊಡುವುದು ಬೇರೆಯೇ ವಿದ್ಯೆ. ಪಲ್ಲಕ್ಕಿ ಕುಲುಕುತ್ತಿದ್ದದ್ದು ಇಲ್ಲಿ. ಗಣಿತ-ಸಂಖ್ಯಾಶಾಸ್ತ್ರದ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದ ಹುಡುಗನೊಬ್ಬ ಬರೆದ ಚೊಚ್ಚಲ ನಾಟಕವನ್ನು ಅಟ್ಟ ನಂಬಿತು. 1961ರಲ್ಲಿ ‘ಯಯಾತಿ’ ಪುಸ್ತಕವಾದಾಗ ಕಾರ್ನಾಡರಿಗೆ ಇಪ್ಪತ್ಮೂರರ ಆಸುಪಾಸಿನ ಎಳೆಯ ಪ್ರಾಯ. ಮಗನ ಯೌವನವನ್ನು ಅಪ್ಪ ಕೇಳಿ ಪಡೆಯುವ ಆ ಕತೆಯನ್ನು ಆಗ ಅರುವತ್ತರ ಹತ್ತಿರವಿದ್ದ ಪ್ರಕಾಶಕ ಯಾವ ಭಾವದಿಂದ ಓದಿದರೋ. ಲೇಖಕನ ಯೌವನವನ್ನಂತೂ ಅವರು ಇಡಿಯಾಗಿ ಬಳಸಿಕೊಂಡರು. 1964ರಲ್ಲಿ ‘ತುಘಲಕ್’, ಆಮೇಲೆ ಒಂದರ ಹಿಂದೆ ಒಂದರಂತೆ ಉಳಿದ ನಾಟಕಗಳು, 2011ರಲ್ಲಿ ಆತ್ಮಕತೆ ‘ಆಡಾಡತ ಆಯುಷ್ಯ’. ಐವತ್ತು ವರ್ಷ ಒಬ್ಬ ಲೇಖಕ ಒಬ್ಬನೇ ಪ್ರಕಾಶಕನ ಹತ್ತಿರ ಉಳಿಯುವುದು ಕನ್ನಡದಲ್ಲಿ ದಾಂಪತ್ಯಕ್ಕಿಂತ ಅಪರೂಪ.

ಹೊರುವವನಿಗೂ ಒಮ್ಮೊಮ್ಮೆ ಪಲ್ಲಕ್ಕಿಯೊಳಗೆ ಕೂರುವ ಆಸೆಯಾಗುತ್ತದೆ. ಜಡಭರತರು ಕಾದಂಬರಿ ಬರೆದರು, ನಾಟಕ ಬರೆದರು. ‘ಕದಡಿದ ನೀರು’, ‘ಮೂಕಬಲಿ’ ಓದುಗರಿಗೆ ಗೊತ್ತು. ಎಲ್ಲಕ್ಕಿಂತ ದೂರ ನಡೆದದ್ದು ‘ಸತ್ತವರ ನೆರಳು’. ಮಠದ ಒಳರಾಜಕಾರಣದ ಈ ನಾಟಕಕ್ಕೆ ಬಿ.ವಿ. ಕಾರಂತರು ದಾಸರ ಪದಗಳನ್ನು ಹೊಂದಿಸಿ ರಂಗಕ್ಕೆ ತಂದದ್ದೇ ತಡ, ಜನ ಹಾಡು ಕೇಳಲು ಬಂದು ಮಠವನ್ನು ನೋಡಿ ನಕ್ಕರು. ಭಕ್ತರಿಗೆ ಭಕ್ತಿ, ನಾಸ್ತಿಕರಿಗೆ ನಗೆ. ಇಬ್ಬರಿಗೂ ಒಂದೇ ಟಿಕೇಟು. ಲೇಖಕರಾಗಿ ಅವರಿಗೆ ಸಿಕ್ಕಬೇಕಾದಷ್ಟು ಹೆಸರು ಸಿಕ್ಕಲಿಲ್ಲ ಎನ್ನುವುದು ನಿಜ. ಅದಕ್ಕೆ ಮುಖ್ಯ ಕಾರಣ ಅವರೇ ಪ್ರಕಟಿಸಿದ ಬೇರೆಯವರು.

ಅಟ್ಟದೊಡನೆ ಒಡನಾಟವಿದ್ದವರ ಪೈಕಿ ಬೇಂದ್ರೆ, ಗೋಕಾಕ, ಅನಂತಮೂರ್ತಿ, ಕಾರ್ನಾಡ ಈ ನಾಲ್ವರಿಗೆ ಜ್ಞಾನಪೀಠ ಬಂತು. ಕೊನೆಯ ಎರಡು, 1994 ಮತ್ತು 1998ರವು, ಜಿ.ಬಿ. ಇಲ್ಲವಾದ ಮೇಲೆ ಬಂದವು. ಲಾಭದ ಬಾಬ್ತು ಹೇಳುವುದಾದರೆ, ಕನ್ನಡದಲ್ಲಿ ಪುಸ್ತಕ ಪ್ರಕಟಿಸಿ ಬಂಗಲೆ ಕಟ್ಟಿಸಿದವರ ಚರಿತ್ರೆಯನ್ನು ಯಾವ ಗ್ರಂಥಮಾಲೆಯೂ ಇನ್ನೂ ಅಚ್ಚು ಮಾಡಿಲ್ಲ.

ತಂದೆಯ ನಂತರ ಮಗ ರಮಾಕಾಂತ ಜೋಶಿ ಗ್ರಂಥಮಾಲೆಯನ್ನು ನಡೆಸಿದರು. ಅವರೂ ಮೇಷ್ಟ್ರಾಗಿದ್ದವರು, ಅವರ ಕಾಲಕ್ಕೂ ಬಂದವರು ಕೂತರು, ಕೂತವರು ಬರೆದರು. ಅವರು ತೀರಿಕೊಂಡದ್ದು 2025ರಲ್ಲಿ. ಮೂರನೆಯ ತಲೆಮಾರು ಅಷ್ಟರಲ್ಲಾಗಲೇ ಕೆಲಸಕ್ಕೆ ಇಳಿದಿತ್ತು. ಗರಗ, ಅಮ್ಮಿನಬಾವಿ, ಹೆಬ್ಬಳ್ಳಿಯ ಕಡೆಯಿಂದ ಸಂತೆ-ಕೋರ್ಟು-ಕಾಲೇಜಿನ ನೆಪದಲ್ಲಿ ಧಾರವಾಡಕ್ಕೆ ಬಂದವರು ಸುಭಾಸ ರಸ್ತೆಯಲ್ಲಿ ಈಗಲೂ ಓಡಾಡುತ್ತಾರೆ. ಅಂಗಡಿಗಳು ಬದಲಾಗಿವೆ, ಸ್ಕೂಟರುಗಳು ಹೆಚ್ಚಾಗಿವೆ, ಚಹಾದ ಲೋಟ ಕುಗ್ಗಿ ದರ ಹಿಗ್ಗಿದೆ. ಗ್ರಂಥಮಾಲೆಯ ಪುಸ್ತಕಗಳ ಒಳಪುಟದಲ್ಲಿ ಲಕ್ಷ್ಮೀ ಭವನ, ಸುಭಾಸ ರಸ್ತೆ, ಧಾರವಾಡ ಎಂಬ ವಿಳಾಸ ಹಾಗೇ ಇದೆ. ಹೊಸ ಲೇಖಕರಿಗೆ ಅಷ್ಟು ಸಾಕು. ಬರುವಾಗ ಹಸ್ತಪ್ರತಿಯ ಒಂದು ನಕಲು ಮನೆಯಲ್ಲಿಟ್ಟು ಬರುವುದು ಕ್ಷೇಮ.