ಅಗ್ಗದ ಮದರ್‌ಬೋರ್ಡ್ ತಯಾರಿಸುವ ಮಹನೀಯರಿಗೆ

ಸನ್ಮಾನ್ಯರೇ,

ಮುಂಬಯಿಯ ಸಯನ್‌ನಿಂದ ಬರೆಯುತ್ತಿದ್ದೇನೆ. ತಮ್ಮಲ್ಲಿ ಯಾವ ಕಂಪನಿಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ, ನನ್ನ ಮಾತು ತಮ್ಮೆಲ್ಲರಿಗೂ ಒಂದೇ. ಕಡಿಮೆ ಬೆಲೆಯ ಎಷ್ಟೋ ಬೋರ್ಡುಗಳಿಂದ ತಾವು ದೋಷ ತೋರಿಸುವ ದೀಪವನ್ನು ತೆಗೆದಿದ್ದೀರಿ, ದೋಷವನ್ನು ಕೂಗಿ ಹೇಳುವ ಪುಟ್ಟ ಸ್ಪೀಕರನ್ನೂ ತೆಗೆದಿದ್ದೀರಿ. ದಯಮಾಡಿ ಅವೆರಡನ್ನೂ ಹಿಂದಿರುಗಿಸಬೇಕೆಂದು ಬೇಡಿಕೊಳ್ಳಲು ಈ ಪತ್ರ.

ಮೊದಲು ತಮಗೆ ಸಲ್ಲಬೇಕಾದ ಕೃತಜ್ಞತೆ ಸಲ್ಲಲಿ. ನನ್ನ ಅಕ್ಕನ ಮಗ ಟ್ಯೂಷನ್ ಹೇಳಿ ಉಳಿಸಿದ ದುಡ್ಡಿನಲ್ಲಿ ಒಂದೊಂದೇ ಭಾಗ ಕೊಂಡು ಕಂಪ್ಯೂಟರ್ ಕಟ್ಟಿದ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ಕನ್ನಡ ನಾಟಕವಾದರೆ ಅದನ್ನು ಚಿತ್ರೀಕರಿಸಿ ಎಡಿಟ್ ಮಾಡಬೇಕೆಂಬುದು ಅವನ ಆಸೆ. ಸ್ಕ್ರೂಡ್ರೈವರ್ ಹಿಡಿದೇ ಗೊತ್ತಿಲ್ಲದ ಹುಡುಗನಿಗೂ ತಪ್ಪು ಮಾಡಲು ತಾವು ಆಸ್ಪದ ಕೊಟ್ಟಿಲ್ಲ. ರ‍್ಯಾಮ್‌ನ ಕಚ್ಚು ನಟ್ಟನಡುವೆ ಇಲ್ಲ, ಹಾಗಾಗಿ ಅದು ತಿರುಗುಮುರುಗಾಗಿ ಕೂರುವುದಿಲ್ಲ. ಇಪ್ಪತ್ನಾಲ್ಕು ಪಿನ್ನಿನ ಕೇಬಲ್ ಒಂದೇ ದಿಕ್ಕಿನಲ್ಲಿ ಒಳಹೋಗುತ್ತದೆ. ಇಷ್ಟು ಕಾಳಜಿ ವಹಿಸಿದ ತಮ್ಮ ಎಂಜಿನಿಯರುಗಳಿಗೆ ಕೈಮುಗಿಯುತ್ತೇನೆ.

ಅವನು ಸ್ವಿಚ್ ಒತ್ತಿದ. ಫ್ಯಾನುಗಳೆಲ್ಲ ತಿರುಗಿದವು. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ನಿದ್ದೆಹೋಯಿತು. “ಚಿಕ್ಕಮ್ಮ, ಡಿಸ್ಪ್ಲೇನೇ ಬರ್ತಾ ಇಲ್ಲ” ಅಂದ. ಇಲ್ಲಿಂದ ಮುಂದೆ ತಮ್ಮ ಕಾಳಜಿ ಅವನ ಕೈಬಿಟ್ಟಿತು.

ತಮಗೆ ತಿಳಿಯದ್ದೇನಲ್ಲ. ಕರೆಂಟು ಬಂದೊಡನೆ ಬೋರ್ಡು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ: ಪ್ರೊಸೆಸರ್ ಎದ್ದಿತೇ, ರ‍್ಯಾಮ್ ಉತ್ತರಿಸಿತೇ, ಗ್ರಾಫಿಕ್ಸ್ ಸಿಕ್ಕಿತೇ, ಬೂಟ್ ಮಾಡಲು ಡಿಸ್ಕ್ ಇದೆಯೇ. ಮೂರನೆಯ ಮೆಟ್ಟಿಲು ದಾಟುವವರೆಗೆ ಪರದೆಗೆ ಏನೂ ಹೋಗುವುದಿಲ್ಲ. ಅದಕ್ಕೂ ಮೊದಲು ಎಲ್ಲಿ ಎಡವಿದರೂ ಮನೆಯವರಿಗೆ ಕಾಣುವುದು ಅದೇ ಕಪ್ಪು ಪರದೆ. ಬೋರ್ಡು ಯಾವ ಮೆಟ್ಟಿಲಲ್ಲಿ ನಿಂತಿತು ಎಂಬುದು ಬೋರ್ಡಿನೊಳಗೇ ಇದೆ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಅದನ್ನು ಹೇಳಲು ಸ್ಪೀಕರ್ ಇತ್ತು. ಎಲ್ಲ ಸರಿಯಿದ್ದರೆ ಒಂದು ಗಿಡ್ಡ ಬೀಪ್; ಒಂದು ಉದ್ದ, ಎರಡು ಗಿಡ್ಡ ಕೇಳಿಸಿದರೆ ತೊಂದರೆ ಡಿಸ್ಪ್ಲೇ ಕಾರ್ಡಿನದು. ತಮ್ಮ ದುಬಾರಿ ಬೋರ್ಡುಗಳಲ್ಲಿ ಇಂದು ಎರಡಂಕಿಯ ಕೋಡ್ ತೋರಿಸುವ ಪುಟ್ಟ ಪರದೆಯೇ ಇದೆ, ಮಧ್ಯಮ ಬೆಲೆಯ ಎಷ್ಟೋ ಬೋರ್ಡುಗಳಲ್ಲಿ ನಾಲ್ಕು ದೀಪಗಳಾದರೂ ಇವೆ. ಹುಡುಗನ ಬೋರ್ಡಿನಲ್ಲಿ ಸ್ಪೀಕರ್ ಸಿಕ್ಕಿಸಲು ನಾಲ್ಕು ಪಿನ್ನು ಬಿಟ್ಟಿದ್ದೀರಿ, ಪೆಟ್ಟಿಗೆಯಲ್ಲಿ ಸ್ಪೀಕರ್ ಇಟ್ಟಿಲ್ಲ.

ಹೀಗಾಗಿ ಹುಡುಗ ಕತ್ತಲಲ್ಲಿ ತಡಕಾಡಿದ. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಎಲ್ಲರೂ ಹೇಳುವಂತೆ ರಬ್ಬರಿನಿಂದ ಉಜ್ಜಿ, ಟಕ್ ಎಂದು ಕೂರುವ ತನಕ ಒತ್ತಿದ. ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲೇ ಕೂರಿಸಬೇಕೆಂದು ಓದಿ ಹಾಗೇ ಕೂರಿಸಿದ. ಒಂದನ್ನೇ ಇಟ್ಟೂ ನೋಡಿದ. ಪ್ರೊಸೆಸರಿನ ಪಕ್ಕದ ಎಂಟು ಪಿನ್ನಿನ ಕೇಬಲ್ ಹಾಕದೆ ಬಿಟ್ಟರೆ ಫ್ಯಾನು ತಿರುಗುತ್ತದೆ, ಪ್ರೊಸೆಸರ್ ಏಳುವುದಿಲ್ಲ, ಅದೂ ಸರಿಯಾಗಿತ್ತು. ಎಚ್‌ಡಿಎಂಐ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಸೇರಿತ್ತು. ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಹಾಕಿದ್ದೂ ಆಯಿತು. ಒಂದೇ ಒಂದು ದೀಪ ಇದ್ದಿದ್ದರೆ ಇವುಗಳಲ್ಲಿ ಮುಕ್ಕಾಲು ಪಾಲು ಕೆಲಸ ಬೇಕಿರಲಿಲ್ಲ.

ಕೊನೆಗೆ ಕ್ಯಾಬಿನೆಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಹೊರಟ. ಮಳೆಗಾಲದಲ್ಲಿ ಸಯನ್–ಕುರ್ಲಾ ನಡುವೆ ಹಳಿಯ ಮೇಲೆ ನೀರು ನಿಂತರೆ ಗಾಡಿಯೇ ಇಲ್ಲ. ಗಾಡಿ ಇದ್ದ ದಿನ ಸ್ಲೋ ಲೋಕಲಿನಲ್ಲಿ ದಾದರ್, ಅಲ್ಲಿ ಸೇತುವೆ ಹತ್ತಿಳಿದು ವೆಸ್ಟರ್ನ್ ಲೈನಿನಲ್ಲಿ ಗ್ರಾಂಟ್ ರೋಡ್, ಅಲ್ಲಿಂದ ನಡೆದು ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳು. ರ‍್ಯಾಮ್ ಮಾರಿದವರು ಕರೆಂಟು ಪೂರೈಸುವ ಎಸ್‌ಎಂಪಿಎಸ್ ವೀಕ್ ಅಂದರು. ಎಸ್‌ಎಂಪಿಎಸ್ ಮಾರಿದವರು ಬೋರ್ಡ್ ಹೋಗಿದೆ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೋರ್ಡೇ ಬಾಯಿಬಿಡದಿದ್ದರೆ ಅವರಾದರೂ ಊಹೆಯನ್ನಲ್ಲದೆ ಇನ್ನೇನು ಹೇಳಬೇಕು? ತಮ್ಮ ಸರ್ವಿಸ್ ಸೆಂಟರಿನವರು ಬಹಳ ಮರ್ಯಾದೆಯಿಂದ ಬೋರ್ಡ್ ತೆಗೆದುಕೊಂಡರು, ಅಲ್ಲಿದ್ದ ಹಳೆಯ ಪ್ರೊಸೆಸರ್ ಹಾಕಿ ನೋಡಿದರು, ಡಿಸ್ಪ್ಲೇ ಬಂತು. ದೋಷವಿಲ್ಲ ಎಂದು ಬರೆದು ಅಷ್ಟೇ ಮರ್ಯಾದೆಯಿಂದ ಹಿಂದಿರುಗಿಸಿದರು.

‘ದೋಷವಿಲ್ಲ’ ಎಂಬ ಆ ಸಾಲಿನೊಳಗೇ ದೋಷ ಇತ್ತು. ಹಳೆಯ ಪ್ರೊಸೆಸರನ್ನು ಬೋರ್ಡು ಗುರುತಿಸುತ್ತದೆ, ಅವನು ಕೊಂಡ ಹೊಸದನ್ನು ಗುರುತಿಸುವುದಿಲ್ಲ. ಒಂದೇ ಸಾಕೆಟ್ ವರ್ಷಗಟ್ಟಲೆ ನಡೆದರೆ ಆಗುವುದೇ ಇದು. 2017ರಲ್ಲಿ ಎಎಂಡಿಯ ಮೊದಲ ರೈಜನ್ ಪ್ರೊಸೆಸರ್ ಕೂತ ಎಎಂ4 ಸಾಕೆಟ್ಟಿನಲ್ಲೇ 2020ರ ನವೆಂಬರಿನಲ್ಲಿ ಬಂದ 5000 ಸರಣಿಯೂ ಕೂರುತ್ತದೆ. ಆದರೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶ, ಅಂದರೆ ಬಯಾಸ್, ಹಳೆಯದಾದರೆ ಆ ಪ್ರೊಸೆಸರ್ ಏಳುವುದಿಲ್ಲ. ಇದು ತಮಗೆ ಹೊಸ ಸುದ್ದಿಯೂ ಅಲ್ಲ. 2018ರಲ್ಲೇ ಎಎಂಡಿಯವರು ಇಂಥ ಗ್ರಾಹಕರಿಗೆ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಲೆಂದು ‘ಬೂಟ್ ಕಿಟ್’ ಹೆಸರಿನಲ್ಲಿ ಪ್ರೊಸೆಸರನ್ನೇ ಎರವಲು ಕಳಿಸುತ್ತಿದ್ದರು. ನಮ್ಮ ಹುಡುಗನಿಗೆ ಆ ಉಪಕಾರ ಮಾಡಿದ್ದು ಲ್ಯಾಮಿಂಗ್ಟನ್ ರೋಡಿನ ಒಬ್ಬ ರಿಪೇರಿಯವರು. ಹಳೆಯ ಪ್ರೊಸೆಸರ್ ಕೂರಿಸಿ, ಪೆನ್‌ಡ್ರೈವಿನಿಂದ ಹೊಸ ಬಯಾಸ್ ತುಂಬಿ, ಮತ್ತೆ ಇವನ ಪ್ರೊಸೆಸರ್ ಇಟ್ಟರು. ಡಿಸ್ಪ್ಲೇ ಬಂತು.

ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಾನು ಆಮೇಲೆ ಕೂತು ಓದಿದೆ. ಎಂಆರ್‌ಪಿ ಇದೆ, ತಿಂಗಳು–ವರ್ಷ ಇದೆ, ಗ್ರಾಹಕ ಸಹಾಯದ ವಿಳಾಸ ಇದೆ. 2011ರ ಪ್ಯಾಕೇಜು ಸರಕುಗಳ ನಿಯಮ ಅವನ್ನು ಕೇಳುತ್ತದೆ, ತಾವು ತಪ್ಪದೆ ಅಂಟಿಸಿದ್ದೀರಿ. ಒಳಗಿರುವ ಬಯಾಸ್ ಯಾವ ಆವೃತ್ತಿ ಎಂಬ ಒಂದು ಸಾಲು ಮಾತ್ರ ಇಲ್ಲ. ಯಾವ ಪ್ರೊಸೆಸರಿಗೆ ಯಾವ ಆವೃತ್ತಿ ಬೇಕೆಂಬ ಪಟ್ಟಿ ತಮ್ಮ ಜಾಲತಾಣದಲ್ಲಿದೆ, ಕೈಯಲ್ಲಿರುವ ಬೋರ್ಡಿನಲ್ಲಿ ಯಾವುದಿದೆ ಎಂದು ಪೆಟ್ಟಿಗೆ ನೋಡಿ ತಿಳಿಯುವಂತಿಲ್ಲ. ಅರ್ಧ ಮಾಹಿತಿ ಕೊಟ್ಟು ಉಳಿದರ್ಧವನ್ನು ತಾವೇ ಇಟ್ಟುಕೊಂಡಿರುವುದು ನನಗೆ ಅತ್ಯಂತ ನೋವಿನ ಸಂಗತಿ.

ಇನ್ನೊಂದು ಮಾತನ್ನು ತಾವು ಸಮಾಧಾನದಿಂದ ಕೇಳಬೇಕು. ದುಬಾರಿ ಬೋರ್ಡ್ ಕೊಳ್ಳುವವರ ಮನೆಯಲ್ಲಿ ಹಳೆಯ ರ‍್ಯಾಮ್ ಇರುತ್ತದೆ, ಬದಲಿಸಿ ನೋಡಲು ಇನ್ನೊಂದು ಕಾರ್ಡೂ ಇರುತ್ತದೆ, ಕೈಗೆ ಪಳಗಿಕೆಯೂ ಇರುತ್ತದೆ. ಅಗ್ಗದ ಬೋರ್ಡ್ ಕೊಳ್ಳುವವರು ವಿದ್ಯಾರ್ಥಿಗಳು, ಮೊದಲ ಸಲ ಕಟ್ಟುವವರು, ಬಿಡಿ ಪ್ರೊಸೆಸರನ್ನು ಕನಸಿನಲ್ಲೂ ಕಾಣದವರು. ದೀಪ ಬೇಕಾದದ್ದು ಇವರಿಗೆ. ತಾವು ಕೊಟ್ಟದ್ದು ಅವರಿಗೆ. ಡಿಡಿಆರ್5 ಬಂದ ಮೇಲಂತೂ ಈ ತೊಂದರೆ ಹೆಚ್ಚಿದೆ. ಮೊದಲ ಸಲ ಬೋರ್ಡು ಆ ರ‍್ಯಾಮನ್ನು ಹೊಂದಿಸಿಕೊಳ್ಳಲು ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು, ಅಷ್ಟು ಹೊತ್ತೂ ಪರದೆ ಕಪ್ಪು. ಕಾಯಬೇಕು ಎಂದು ಹೇಳುವವರಿಲ್ಲದ ಮಕ್ಕಳು ಹೆದರಿ ನಡುವೆಯೇ ಸ್ವಿಚ್ ಆರಿಸುತ್ತಾರೆ.

ಆದ್ದರಿಂದ ಕೈಜೋಡಿಸಿ ಕೇಳುತ್ತೇನೆ. ಅತಿ ಅಗ್ಗದ ಬೋರ್ಡಿನಲ್ಲೂ ಆ ನಾಲ್ಕು ದೀಪ ಇರಲಿ. ಪೆಟ್ಟಿಗೆಯ ಚೀಟಿಯಲ್ಲಿ ಬಯಾಸ್ ಆವೃತ್ತಿ ಅಚ್ಚಾಗಲಿ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ತುಂಬುವ ಗುಂಡಿಯನ್ನು ತಾವು ಮೇಲ್ದರ್ಜೆಯವರಿಗೆ ಕೊಟ್ಟಿದ್ದೀರಿ, ಅದನ್ನು ಕೆಳಗಿನವರೆಗೂ ಇಳಿಸಿ. ಸ್ಪೀಕರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಅದೊಂದನ್ನು ಪೆಟ್ಟಿಗೆಯೊಳಗೆ ಹಾಕಿ. ಇಷ್ಟಕ್ಕೆ ತಗಲುವ ಖರ್ಚನ್ನು ಬೆಲೆಗೆ ಸೇರಿಸಿ, ಕೊಡುತ್ತೇವೆ. ನಮ್ಮ ಸೊಸೈಟಿಯ ಇನ್ನೊಬ್ಬ ಹುಡುಗಿ ದೀಪಾವಳಿಗೆ ಕಂಪ್ಯೂಟರ್ ಕಟ್ಟಬೇಕೆಂದಿದ್ದಾಳೆ. ನಾಲ್ಕು ದೀಪ ಇಲ್ಲದ ಬೋರ್ಡ್ ಎಷ್ಟು ಅಗ್ಗವಾದರೂ ಮುಟ್ಟಬೇಡ ಎಂದು ಆಕೆಗೆ ಹೇಳಿದ್ದೇನೆ.

ಇತಿ ತಮ್ಮ ವಿಧೇಯ ಗ್ರಾಹಕಿ,
ಸಯನ್, ಮುಂಬಯಿ